ಓರ್ಸೊಲಾ ಅಲಂಕಾರವಿಲ್ಲದೆ ಹಾಡಿದ್ದು

ವೆನಿಸ್
೨೬ ಫೆಬ್ರವರಿ ೧೭೨೬

ಪ್ರಿಯ ಅಲ್ವೀಸೆ,

ಪಾದುವಾದ ಚಳಿಯಲ್ಲಿ ನೀನೂ ನಿನ್ನ ಸೆಲ್ಲೊ ವಾದ್ಯವೂ ಬಿರುಕು ಬಿಡದೆ ಇದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬಯ್ಯಬೇಡ. ಮಗಳು ಓರ್ಸೊಲಾ ಮೊದಲ ಸಲ ಗೀತನಾಟಕದಲ್ಲಿ ಹಾಡಿದಳು. ಆ ಗಡಿಬಿಡಿಯಲ್ಲಿ ನನಗೆ ಊಟವೇ ನೆನಪಿರಲಿಲ್ಲ, ಇನ್ನು ನೀನೆಲ್ಲಿ!

ಅವಳ ಹಾಡಿನ ಕ್ರಮ ನಿನಗೆ ಗೊತ್ತಿದ್ದದ್ದೇ: ಮೊದಲ ಭಾಗ, ನಡುವಿನ ಭಾಗ, ಮತ್ತೆ ಮೊದಲ ಭಾಗ. ಆ ಮರುಹಾಡಿಕೆಗೆ ಗಮಕ, ಬಿರ್ಕಾಗಳ ಅಲಂಕಾರ ಸೇರಿಸದೆ ಹಾಡಿದವರ ಮರ್ಯಾದೆ ನಮ್ಮೂರಲ್ಲಿ ಉಳಿದೀತೆ? ಅವಳಿಗೆ ಅವೆಲ್ಲವನ್ನೂ ನಾನೇ ಹೆಣೆದುಕೊಟ್ಟಿದ್ದೆ.

"ಅಪ್ಪಾ, ಇದು ಗಂಡ ಸತ್ತವಳ ಹಾಡು. ಇಷ್ಟೊಂದು ಕುಣಿದ್ರೆ ಖುಷಿಯಾಗಿದ್ದಾಳೆ ಅನ್ಕೋತಾರೆ" ಎಂದಳು.

"ಗಂಡ ಸತ್ರೂ ಗಂಟಲು ಸತ್ತಿಲ್ವಲ್ಲ, ಹಾಡು" ಎಂದೆ.

ಪ್ರದರ್ಶನದ ದಿನ ಮೇಲಿನ ಅಂತಸ್ತಿನ ಶ್ರೀಮಂತರು ಕಾರ್ನಿವಲ್ ಹಬ್ಬದ ಮುಖವಾಡ ಎತ್ತಿಕೊಂಡು ಕುಂಬಳಬೀಜ ತಿನ್ನುತ್ತ ಇಸ್ಪೀಟಾಡುತ್ತಿದ್ದರು. ಕೆಳಗೆ ಎಂದಿನಂತೆ ಬಿಟ್ಟಿ ಬಂದ ದೋಣಿಯವರ ಗಲಾಟೆ. ನಾನು ಹಾರ್ಪ್ಸಿಕಾರ್ಡಿನ ಕೀಲಿಮಣೆಯ ಮುಂದೆ. ನನಗೆ ಬರೆದುಕೊಡುವುದು ಕೆಳಗಿನ ಸ್ವರ, ಜೊತೆಗೊಂದು ಅಂಕಿ, ಅಷ್ಟೇ. ಉಳಿದದ್ದನ್ನು ತುಂಬುವುದು ನನ್ನ ಕೈಗೆ ಬಿಟ್ಟದ್ದು. ಈ ಕೈ ಎಂದೂ ಜಿಪುಣತನ ಮಾಡಿದ್ದಲ್ಲ.

ಮರುಹಾಡಿಕೆ ಬಂತು. ಹುಡುಗಿ ಒಂದೂ ಅಲಂಕಾರವಿಲ್ಲದೆ, ಮೊದಲು ಹಾಡಿದ್ದನ್ನೇ ಇನ್ನಷ್ಟು ಮೆಲ್ಲಗೆ ಹಾಡತೊಡಗಿದಳು! ಪಾಪ, ಮರೆತುಬಿಟ್ಟಿದ್ದಾಳೆ ಎಂದು ಅವಳ ಪಾಲಿನ ಗಮಕಗಳನ್ನೆಲ್ಲ ನಾನೇ ನುಡಿಸಿ ಸುರಿದೆ. ಆಮೇಲೆ ನೋಡುತ್ತೇನೆ, ಇಸ್ಪೀಟು ನಿಂತಿದೆ, ಬೀಜ ಕೈಯಲ್ಲೇ ಉಳಿದಿದೆ. ಇಡೀ ರಂಗಮಂದಿರದಲ್ಲಿ ಗದ್ದಲ ಮಾಡುತ್ತಿದ್ದವನು ನಾನೊಬ್ಬನೇ.

ದೋಣಿಯವನೊಬ್ಬ ಕೂಗಿದ: "ಏಯ್ ಮುದುಕಪ್ಪಾ, ಆ ಯಮ್ಮ ಅಳ್ತಾವ್ಳೆ, ನೀನ್ಯಾಕ್ ಪಾತ್ರೆ ಉಜ್ತಾ ಕೂತಿದ್ದೀಯಾ?"

ವೇದಿಕೆಯ ಮೇಲೆ ಹೆಣವಾಗಿ ಮಲಗಿದ್ದ ಗಂಡನೂ ಹೊಟ್ಟೆ ಕುಲುಕಿಸಿ ನಕ್ಕ. ನಾನು ಕೈ ತೆಗೆದೆ. ಹಾಡು ಮುಗಿದಾಗ ಬಿದ್ದ ಚಪ್ಪಾಳೆ ನಿನಗೆ ಪಾದುವಾಕ್ಕೇ ಕೇಳಿಸಿರಬೇಕು.

ರಂಗಮಂದಿರದ ಯಜಮಾನ ತೊಫೊಲೊ ಬಂದು, "ಬೊರ್ತೊಲೊ ಅವ್ರೇ, ಇನ್ಮೇಲೆ ಆ ಹಾಡಿಗೆ ಸೆಲ್ಲೊ ಒಂದೇ ಸಾಕು. ನೀವು ಆರಾಮಾಗಿ ಕೈ ಕಟ್ಕೊಂಡು ಕೂತ್ಕೊಳ್ಳಿ" ಎಂದ. ಆ ಮನುಷ್ಯನಿಗೆ ಸಂಗೀತದ ಗಂಧವಿದ್ದರೆ ತಾನೇ! ನಮ್ಮ ಸೆಲ್ಲೊದವನಂತೂ ಸೌದೆ ಕೊಯ್ಯುತ್ತಾನೆ. ನೀನೇ ಬಾ. ಹುರಿದ ಸಾರ್ಡೀನ್ ಮಾಡಿಸುತ್ತೇನೆ, ತೊಫೊಲೊ ಜೊತೆ ಜಗಳಕ್ಕೆ ನಾನಿದ್ದೇನೆ.

ನಿನ್ನ ಬೆರಳುಗಳನ್ನು ದೇವರು ಬೆಚ್ಚಗಿಟ್ಟಿರಲಿ.

ನಿನ್ನ
ಬೊರ್ತೊಲೊ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಸೆಲ್ಲೊ ಒಂದೇ ಸಾಕು ಎಂಬುದು ತೊಫೊಲೊನ ಯೋಚನೆಯಲ್ಲ. ಅವನ ಬಳಿ ಹೋಗಿ ಹಾಗೆ ಕೇಳಿಕೊಂಡವಳು ಓರ್ಸೊಲಾ. ನನ್ನೆದುರು ಹೇಳಲು ಅವಳಿಗೆ ಭಯವಂತೆ. ಅವಳು ಏನನ್ನೂ ಮರೆತಿರಲಿಲ್ಲ ಕಣೋ. ನನಗೆ ತುಂಬ ನೋವಾಗಿದೆ. ಬಂದಾಗ ಮೆಲ್ಲಗೆ ನುಡಿಸು, ಅವಳ ದನಿಯ ಹಿಂದೆಯೇ ಹೋಗು. ನಾನು ಪಕ್ಕದಲ್ಲಿ ಕೂತಿರುತ್ತೇನೆ. ನನ್ನ ಬೆರಳು ಅಲುಗಿದರೆ ಅದರ ಮೇಲೆ ನಿನ್ನ ಕಮಾನಿನಿಂದಲೇ ಒಂದು ಏಟು ಬಿಡು.