ಹದಿಮೂರಾರ್ಲೆ

ಗುಡೇಕೋಟೆ
18 ಮೇ 2025

ಅಪ್ಪಾ,

ಈ ಪತ್ರ ಸಿಗುವ ಹೊತ್ತಿಗೆ ನೀನು ಹಡಗಲಿ ಕಡೆ ಹೊಳೆದಂಡೆಯ ಯಾವುದೋ ಗದ್ದೆಯಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿಕೊಂಡು ಕೂತಿರುತ್ತೀಯ. ಬರೆಯುವುದು ತಡವಾಯಿತು. ಎಂಟು ದಿನದಿಂದ ಬರೆದು ಬರೆದು ಹರಿಯುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು “ಹ್ಞೂಂ, ಆಮ್ಯಾಲೆ?” ಅನ್ನುತ್ತಲೇ ಯಾವುದಾದರೂ ಮರಿಯ ಹಿಂದೆ ಓಡುತ್ತೀಯ, ಉಳಿದ ಮಾತನ್ನು ನಾನು ನಾಯಿಗೆ ಹೇಳಬೇಕಾಗುತ್ತದೆ. ಜಂಬಯ್ಯ ಮಾವ ಹಿಟ್ಟಿನ ಚೀಲದ ಜೊತೆ ಇದನ್ನೂ ತರುತ್ತಾನೆ. ನೀನು ನಾಲ್ಕನೇ ಕ್ಲಾಸಿಗೇ ಬಿಟ್ಟವನೆಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಅವನ ಕೈಲಿ ಓದಿಸಬೇಡ. ನಿಧಾನವಾದರೂ ನೀನೇ ಓದು.

ಲಕೋಟೆಯಲ್ಲಿ ಇನ್ನೊಂದು ಮಡಿಚಿದ ಕಾಗದವಿದೆ. ಅದರಲ್ಲಿ ನಿನ್ನಿಂದ ಒಂದು ಕೆಲಸ ಆಗಬೇಕು. ಆದರೆ ಈಗಲೇ ಬಿಚ್ಚಬೇಡ, ಪತ್ರ ಮುಗಿದ ಮೇಲೆ ಬಿಚ್ಚು.

ಅಜ್ಜಿ ಆರಾಮಾಗಿದ್ದಾಳೆ. ಬಿದ್ದ ಏಟಿಗೆ ಎಡಗೈ ಇನ್ನೂ ಪೂರ್ತಿ ಮಡಿಚುವುದಿಲ್ಲ, ಆದರೆ ಕೋಲು ಹಿಡಿದು ಹಿತ್ತಲಿಗೆ ಒಬ್ಬಳೇ ಹೋಗುತ್ತಾಳೆ. ಮೊನ್ನೆ ಓಣಿ ತುದಿಯ ಶಿವಮ್ಮನ ಮನೆಕಟ್ಟೆಯ ತನಕ ನಡೆದು, ಜಗಳ ಮಾಡಿ, ಗೆದ್ದು ಬಂದಳು. ನನ್ನನ್ನು ಕಂಡರೆ ಮಾತ್ರ ಅದೇ ಹಾಡು: “ಈಕಿ ಕುಂತಲ್ಲಿ ಕುಂದ್ರಂಗಿಲ್ಲ. ಯಾವನ್ ಮನಿಗೆ ಕೊಟ್ರೂ ಮೂರನೇ ದಿನಕ್ಕ ಬಸ್ ಸ್ಟ್ಯಾಂಡಿನಾಗ ಇರ್ತಾಳ.” ಹೊಲಿಗೆ ಕಲಿಯಲು ಹೋಗಿ ಎಂಟನೇ ದಿನ ಬಿಟ್ಟೆ, ಶಾವಿಗೆ ಮಿಷನ್ನಿನ ಕೆಲಸ ಒಂದು ತಿಂಗಳಿಗೆ ಬಿಟ್ಟೆ. ಎರಡನ್ನೂ ಬಂದವರಿಗೆಲ್ಲ ಬೆರಳು ಮಡಿಚಿ ಎಣಿಸಿ ತೋರಿಸುತ್ತಾಳೆ.

ನನ್ನ ಜೊತೆ ಒಂಬತ್ತರವರೆಗೆ ಓದಿದವರು ಈ ಸಲ ಎಸ್ಸೆಸ್ಸೆಲ್ಸಿ ಮುಗಿಸಿದರು. ಮಾರ್ಚಿನಲ್ಲಿ ನಾನು ಪರೀಕ್ಷೆ ಬರೆಯುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದ್ದೆ, ನೀನು ಯಾರ ಪರೀಕ್ಷೆ ಎಂದು ಕೇಳಲೇ ಇಲ್ಲ. ಅದನ್ನೇ ಮೊದಲು ಹೇಳುತ್ತೇನೆ.

ಗ್ಯಾರೇಜಿನ ದಸ್ತಗಿರಿ ಚಾಚಾನ ಮಗಳು ನೂರೀನ ನಿನಗೆ ಗೊತ್ತು. ಪರೀಕ್ಷೆಗೆ ಹನ್ನೊಂದು ದಿನ ಇದ್ದಾಗ ಆಕೆ ಮತ್ತು ನಮ್ಮ ಕ್ಲಾಸಿನ ಚಂದನಾ ರಿಪೇರಿಗೆ ಬಂದ ಯಾರದೋ ಮೊಪೆಡ್ಡನ್ನು “ಬ್ರೇಕ್ ಹಿಡೀತೈತೇನು ನೋಡಾಣ” ಎಂದು ಹೊರಗೆ ಒಯ್ದರು. ಬ್ರೇಕ್ ಹಿಡಿಯಲಿಲ್ಲ. ನೂರೀನಳ ಬಲಗೈ ಮಣಿಕಟ್ಟು ಮುರಿಯಿತು. ಅಂಥವರಿಗೆ ಬೇರೆಯವರು ಕೂತು ಬರೆಯಬಹುದು. ಅವಳು ಹೇಳಬೇಕು, ಇವರು ಬರೆಯಬೇಕು. ಆದರೆ ಬರೆಯುವವರ ಓದು ಒಂಬತ್ತನ್ನು ದಾಟಿರಬಾರದು. ಒಂಬತ್ತನೆಯ ಮಕ್ಕಳ ಮನೆಯವರು ಯಾರೂ ಒಪ್ಪಲಿಲ್ಲ. ಆಗ ಶಾಲೆಯ ಜಂಬುನಾಥ ಮೇಷ್ಟ್ರಿಗೆ ನನ್ನ ಅಕ್ಷರ ನೆನಪಾಯಿತು. ಮನೆ ಮುಂದೆ ಬೈಕ್ ನಿಲ್ಲಿಸುವುದಕ್ಕೂ ಮೊದಲೇ ಹೇಳಿದರು: “ನೀಲಿ, ನೀನು ಒಂಬತ್ತಕ್ಕ ಬಿಟ್ಟಿದ್ದು ಚಲೋ ಆತು ನೋಡವಾ.” ಹೇಳಿದ ಮೇಲೆ ಅವರ ಮುಖ ಸಣ್ಣದಾಯಿತು. ನಾನು ನಕ್ಕೆ. ಶಾಲೆ ಬಿಟ್ಟದ್ದೂ ಒಂದು ಅರ್ಹತೆ ಆಗುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು.

ಒಂದು ವಾರ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಅಭ್ಯಾಸ. ಹೊರಗೆ ಚಾಚಾನ ಸುತ್ತಿಗೆ, ಒಳಗೆ ನಾವು ನಾಲ್ವರು: ನೂರೀನ, ಚಂದನಾ, ಅದೇ ಕ್ಲಾಸಿನ ಹುಲುಗೇಶ್ ಮತ್ತು ನಾನು. ಅವರ ಜೊತೆ ಕೂತು ನನಗೆ ಹೊಟ್ಟೆಕಿಚ್ಚಾಗುತ್ತದೆ ಅಂದುಕೊಂಡಿದ್ದೆ. ಆಯಿತು ಕೂಡ, ಮೊದಲ ಎರಡು ದಿನ. ಆಮೇಲೆ ಅವರನ್ನು ನೋಡುತ್ತಾ ನೋಡುತ್ತಾ ಅದು ಮರೆತೇ ಹೋಯಿತು.

ಚಂದನಾಳಿಗೆ ಸರ್ಕಾರಿ ಬಸ್ಸಿನ ಡ್ರೈವರ್ ಆಗಬೇಕು. ಕಂಡಕ್ಟರ್ ಆಗು ಅಂದರೆ, “ಚಿಲ್ರಿ ಎಣಿಸಾಕ ಹುಟ್ಟಿಲ್ಲ ನಾನು” ಅನ್ನುತ್ತಾಳೆ. ಕೂಡ್ಲಿಗಿ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕೂರುವುದಿಲ್ಲ, ಡ್ರೈವರ್ ಹಿಂದೆ ನಿಂತು ಗೇರು ನೋಡುತ್ತಾಳೆ. ಕಾಲು ಕ್ಲಚ್ಚಿಗೆ ಮುಟ್ಟಲು ಇನ್ನೂ ಎರಡಿಂಚು ಬೆಳೆಯಬೇಕಂತೆ. ಗ್ಯಾರೇಜಿನ ಗೋಡೆಗೆ ಬೆನ್ನು ಹಚ್ಚಿ ನಿಂತು ಪ್ರತಿ ಭಾನುವಾರ ಸೀಮೆಸುಣ್ಣದಲ್ಲಿ ಗೆರೆ ಎಳೆಸಿಕೊಳ್ಳುತ್ತಾಳೆ. ಮಾರ್ಚಿನಿಂದ ಗೆರೆ ಅಲ್ಲೇ ಇದೆ, ಅದರ ಮೇಲೆ ಸೀಮೆಸುಣ್ಣ ಮಾತ್ರ ದಪ್ಪವಾಗುತ್ತಿದೆ.

ಹುಲುಗೇಶನಿಗೆ ಅರಣ್ಯ ಕಾವಲುಗಾರನ ಕೆಲಸ ಬೇಕು. ನಮ್ಮ ಗುಡ್ಡದ ಕರಡಿಗಳು ಯಾವ ಹೊತ್ತಿಗೆ ಯಾವ ಬಂಡೆಯಿಂದ ಇಳಿಯುತ್ತವೆ ಎಂದು ಅವನಿಗೆ ಗೊತ್ತು. “ಕರಡಿ ಬಂದ್ರ ಓಡ್ಸಾಕ ಹೊಂಟೀಯೇನ್ಲೇ?” ಎಂದು ನೂರೀನ ಕೇಳಿದಳು. “ಕರಡಿನ್ಯಾಕ ಓಡ್ಸಲಿ? ಫೋಟೋ ತಗಿಯಾಕ ಬರೋ ನಿಮ್ಮಂಥೋರ್ನ ಓಡ್ಸಾಕ.” ಕನ್ನಡ ಪರೀಕ್ಷೆಯಲ್ಲಿ ಪ್ರಬಂಧ ಯಾವುದೇ ಬರಲಿ, ಎರಡನೇ ಪುಟಕ್ಕೆ ಕರಡಿ ತರುತ್ತೇನೆ ಅಂದ, ತಂದ. ಇಂಗ್ಲಿಷಿನಲ್ಲಿ ಸರಿಯಾಗಿ ಮೂವತ್ತೈದು ಬಂತು. ಊರಿನಲ್ಲಿ ಅವನಷ್ಟು ಪೇಡ ಹಂಚಿದವರು ಯಾರೂ ಇಲ್ಲ.

ನೂರೀನಳಿಗೆ ಲೆಕ್ಕದ ಮೇಷ್ಟ್ರಾಗಬೇಕು. ಮೇಡಂ ಅಂದರೆ ಒಪ್ಪುವುದಿಲ್ಲ, ಮೇಷ್ಟ್ರು. ನಮ್ಮ ಶಾಲೆಗೆ ಬಂದ ಲೆಕ್ಕದ ಮೇಷ್ಟ್ರುಗಳು ವರ್ಷ ತುಂಬುವುದರೊಳಗೆ ವರ್ಗ ಮಾಡಿಸಿಕೊಂಡು ಹೋಗುತ್ತಾರೆ. “ನಾನು ಬಂದ್ರ ಹೋಗಂಗಿಲ್ಲ. ನನ್ನ ಮನಿ ಇಲ್ಲೇ ಐತಿ, ಎಲ್ಲಿಗೆ ಹೋಗ್ಲಿ?” ಅನ್ನುತ್ತಾಳೆ. ಶಾಲೆಯ ಪಡಸಾಲೆಯಲ್ಲಿ ಒಂದು ಬೋರ್ಡು ಇದೆ, ‘ಗಣಿತದಲ್ಲಿ ನೂರಕ್ಕೆ ನೂರು ಪಡೆದವರು’ ಎಂದು. ಯಾರೋ ದಾನ ಕೊಟ್ಟು ಆರು ವರ್ಷವಾಯಿತು, ಒಂದು ಹೆಸರೂ ಇಲ್ಲ. ಮೊದಲ ಹೆಸರು ತನ್ನದೇ ಆಗಬೇಕು, ಆಮೇಲಿನವನ್ನು ತಾನೇ ಪಾಠ ಹೇಳಿ ತುಂಬಿಸಬೇಕು. ಎಂಟನೇ ಕ್ಲಾಸಿನಿಂದ ಅವಳಿಗೆ ಇದೊಂದೇ ಆಸೆ.

ಲೆಕ್ಕದ ಪರೀಕ್ಷೆಯ ದಿನ ನಮ್ಮಿಬ್ಬರನ್ನೇ ಒಂದು ಕೋಣೆಯಲ್ಲಿ ಕೂರಿಸಿದರು. ಕೊಟ್ಟೂರಿನಿಂದ ಬಂದಿದ್ದ ಮೇಡಂ ಕಾವಲು. “ಆಕಿ ಹೇಳಿದ್ದಷ್ಟ ಬರಿ. ಕೇಳಿದ್ರ ಓದಿ ಹೇಳು. ಅದು ಬಿಟ್ಟು ಒಂದು ಉಸಿರೂ ಬ್ಯಾಡ,” ಅಂದರು. ಎರಡು ಗಂಟೆ ನೂರೀನ ನೀರು ಹರಿದಂತೆ ಹೇಳಿದಳು. ನಾನು ಹತ್ತನೆಯ ಪಾಠ ಕೇಳಿದವಳಲ್ಲ, ಅರ್ಧ ನನಗೆ ತಿಳಿಯಲಿಲ್ಲ. ಆದರೆ ಬರೆಯುತ್ತಾ ಬರೆಯುತ್ತಾ ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಅವಳು ಹೇಗೆ ಕಾಲಿಡುತ್ತಾಳೆಂದು ಕಾಣತೊಡಗಿತು. ಅಷ್ಟು ಹೊತ್ತು ಒಂದೇ ಕಡೆ ಕೂತಿದ್ದೇನೆಂದು ನನಗೆ ಹೊಳೆಯಲೇ ಇಲ್ಲ ಅಪ್ಪಾ.

ಕೊನೆಗೆ ಒಂದು ದೊಡ್ಡ ಲೆಕ್ಕದ ನಡುವೆ ಅವಳು ಅಂದಳು: “ಹದಿಮೂರಾರ್ಲೆ ಅರವತ್ತೆಂಟು.”

ನನ್ನ ಪೆನ್ನು ನಿಂತಿತು.

ಹದಿಮೂರರ ಮಗ್ಗಿ ನನಗೆ ಕಲಿಸಿದ್ದು ನೀನು. ನಾನು ಚಿಕ್ಕವಳಿದ್ದಾಗ ನಮ್ಮವು ಎಪ್ಪತ್ತೆಂಟು ಕುರಿ. ಸಂಜೆ ಹಟ್ಟಿಗೆ ಸೇರಿಸುವಾಗ ಹದಿಮೂರು ಹದಿಮೂರಾಗಿ ಆರು ಸಲ ಬಿಡುತ್ತಿದ್ದವನು ನೀನು. ಹತ್ತು ಹತ್ತಾಗಿ ಯಾಕೆ ಬಿಡುವುದಿಲ್ಲ ಎಂದು ಕೇಳಿದರೆ, “ಹತ್ತು ಕಳ್ಳನೂ ಎಣಿಸ್ತಾನ” ಅನ್ನುತ್ತಿದ್ದವನೂ ನೀನೇ. ಬೇರೆ ಯಾವ ಲೆಕ್ಕ ತಪ್ಪಿದರೂ ನನಗೆ ತಿಳಿಯುತ್ತಿರಲಿಲ್ಲ. ತಪ್ಪಿದ್ದು ಇದೊಂದೇ.

“ಯಾಕ ನಿಂತಿ? ಬರಿ,” ಅಂದಳು. ಅರವತ್ತೆಂಟು ಬರೆದೆ. ಲೆಕ್ಕ ಮುಗಿದ ಮೇಲೆ “ಒಂದ್ಸಲ ಓದು” ಅಂದಳು. ಅಪ್ಪಾ, ನನಗೆ ಅತಿ ಕಷ್ಟವಾದದ್ದು ಆಗ. ಅರವತ್ತೆಂಟು ಎನ್ನುವ ಪದವನ್ನು ಸ್ವಲ್ಪ ಎಳೆದಿದ್ದರೆ ಸಾಕಿತ್ತು. ಅಲ್ಲಿ ಒಮ್ಮೆ ಕೆಮ್ಮಿದ್ದರೂ ಸಾಕಿತ್ತು. ಮೇಡಂ ಕಿಟಕಿ ಕಡೆ ನೋಡುತ್ತಿದ್ದರು. ಎಲ್ಲ ಸಾಲನ್ನೂ ಒಂದೇ ದನಿಯಲ್ಲಿ ಓದಿದೆ. “ಸರಿ, ಮುಂದಿಂದು,” ಅಂದಳು ನೂರೀನ.

ಹೊರಗೆ ಬೇವಿನ ಮರದ ಕೆಳಗೆ ಪ್ರಶ್ನೆಪತ್ರಿಕೆ ಹಿಡಿದು ಬಾಯಲ್ಲೇ ಲೆಕ್ಕ ಹಾಕುತ್ತಿದ್ದವಳು ತಟ್ಟನೆ ನಿಂತಳು.

“ನಾನು ಎಷ್ಟು ಹೇಳ್ದೆ?”

“ಅರವತ್ತೆಂಟು.”

“ನಿನಗ ಗೊತ್ತಿತ್ತೇನು?”

“ಗೊತ್ತಿತ್ತು.”

ಗೊತ್ತಿರಲಿಲ್ಲ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಯರ್ರಿಸ್ವಾಮಿ ಮಗಳು ಸುಳ್ಳು ಹೇಳುವುದಿಲ್ಲ ಎಂದು ನೀನು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತೀಯಲ್ಲ, ಅದರ ಭಾರ ನಿನಗೇನು ಗೊತ್ತು.

ಉಳಿದ ಪರೀಕ್ಷೆಗಳನ್ನು ನಾವು ಭುಜಕ್ಕೆ ಭುಜ ತಾಗಿಸಿ ಕೂತು ಬರೆದೆವು. ಉತ್ತರ ಬಿಟ್ಟರೆ ಅವಳು ನನಗೆ ಬೇರೆ ಒಂದು ಮಾತೂ ಹೇಳಲಿಲ್ಲ. ಆದರೆ ಉತ್ತರ ಹೇಳುವಾಗ ಒಂದು ಸಲವೂ ದನಿ ಏರಿಸಲಿಲ್ಲ, ನನ್ನ ಕೈ ನೊಂದರೆ ತಾನಾಗಿಯೇ ನಿಲ್ಲುತ್ತಿದ್ದಳು. ಅಷ್ಟು ಸಿಟ್ಟಿನಲ್ಲೂ ಹಾಗಿರುವುದು ನನ್ನಿಂದ ಆಗುತ್ತಿರಲಿಲ್ಲ.

ಫಲಿತಾಂಶ ಬಂತು. ಲೆಕ್ಕದಲ್ಲಿ ತೊಂಬತ್ತೆಂಟು. ಶಾಲೆಗೇ ಮೊದಲು, ಆದರೆ ಬೋರ್ಡು ಖಾಲಿ. ಅವಳ ತಾಯಿ ಫಾತಿಮಾ ಬೀ ಸಂತೆಯಲ್ಲಿ ಸಿಕ್ಕು, “ಒಂದು ಅಂಕಿ ತಿದ್ದಿದ್ರ ನಿನ್ನ ಕೈ ಸವೀತಿತ್ತೇನವಾ?” ಅಂದಳು. ನಾನು ತಲೆ ತಗ್ಗಿಸಿ ಬದನೆಕಾಯಿ ಆರಿಸಿದೆ. ಬೇಕಾಗಿದ್ದು ಟೊಮ್ಯಾಟೊ.

ಕಳೆದ ವಾರ ನೂರೀನ ತಾನಾಗಿಯೇ ಮನೆಗೆ ಬಂದಳು. ಪಟ್ಟಿ ಬಿಚ್ಚಿದ್ದ ಕೈ ಕಡ್ಡಿಯಂತಾಗಿದೆ. ಕೊಟ್ಟೂರಿನ ಕಾಲೇಜಿಗೆ ಹೆಸರು ಹಚ್ಚಿಸಿ ಬಂದಿದ್ದಳು. ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟಳು.

“ನಿನ್ನ ಮ್ಯಾಲೆ ಒಂದು ತಿಂಗಳು ಸಿಟ್ಟಿತ್ತು. ಆಮ್ಯಾಲೆ ವಿಚಾರ ಮಾಡ್ದೆ. ನೀ ಎಪ್ಪತ್ತೆಂಟು ಬರ್ದಿದ್ರ ಬೋರ್ಡಿನ ಮ್ಯಾಲೆ ಯಾರ ಹೆಸರು ಹಾಕ್ಬೇಕಿತ್ತು? ಅರ್ಧ ನೂರೀನ, ಅರ್ಧ ನೀಲಗಂಗಮ್ಮ ಅಂತೇನು?”

“ನನ್ನ ಹೆಸರು ಉದ್ದ ಐತಿ, ಹಿಡಿಸ್ತಿರ್ಲಿಲ್ಲ,” ಅಂದೆ.

ಅವಳು ನಕ್ಕಳು. ಮಾರ್ಚಿನಿಂದ ಆ ನಗು ಕೇಳಿರಲಿಲ್ಲ. “ಬೋರ್ಡು ಇನ್ನಾ ಖಾಲಿ ಐತಿ, ನೀಲಿ. ನಿಮ್ಮಜ್ಜಿ ಈಗ ಓಡಾಡ್ತಾಳ. ಈ ಸಲ ಪರೀಕ್ಷೆಗೆ ನೀ ಕುಂದ್ರು. ನಾನು ಭಾನುವಾರ ಭಾನುವಾರ ಬಂದು ಹೇಳಿಕೊಡ್ತೀನಿ. ಮೇಷ್ಟ್ರಾಗಾಕ ನನಗೂ ಒಂದು ಕುರಿ ಬೇಕಲ್ಲ.”

ಕೈಚೀಲದಿಂದ ಒಂದು ಕಾಗದ ತೆಗೆದಳು. ಜಂಬುನಾಥ ಮೇಷ್ಟ್ರಿಂದ ಮೊದಲೇ ಇಸಿದುಕೊಂಡಿದ್ದಳು. “ಈ ಸಲ ನೀ ಹೇಳು, ನಾ ಬರೀತೀನಿ,” ಅಂದು ಆ ಕಡ್ಡಿ ಕೈಯಲ್ಲೇ ಪೆನ್ನು ಹಿಡಿದಳು. ಪಟ್ಟಿ ಬಿಚ್ಚಿದ ಮೇಲೆ ಅವಳು ಬರೆದ ಮೊದಲ ಅಕ್ಷರ ನನ್ನ ಹೆಸರು. ತಂದೆಯ ಹೆಸರು, ಊರು, ಹುಟ್ಟಿದ ದಿನ ಎಲ್ಲ ಹೇಳಿದೆ, ಬರೆದಳು. ಒಂದು ಖಾನೆ ಬಂತು. ಹೇಳಿದೆ. ಅವಳು ಪೆನ್ನು ಎತ್ತಿದಳು.

“ಇದನ್ನ ನಾ ಬರಿಯಂಗಿಲ್ಲ.”

“ನಾನು ನೀ ಹೇಳಿದ್ದೆಲ್ಲ ಬರ್ದಿಲ್ಲೇನು?”

“ನಾ ಹೇಳಿದ್ದು ತಪ್ಪಿತ್ತು. ನೀ ಹೇಳಾಕತ್ತಿದ್ದು ಸುಳ್ಳೈತಿ.”

ಆ ಖಾನೆ ಹಾಗೇ ಉಳಿದಿದೆ. ಇಂಥವರ ಜೊತೆ ಓದಿದೆನಲ್ಲ, ಒಂಬತ್ತರ ತನಕವಾದರೂ, ಅದು ನನ್ನ ಪುಣ್ಯ.

ಕಾಲಿನ ಆಣಿಗೆ ಮುಲಾಮು ಹಚ್ಚಿಕೋ, ಚೀಲದಲ್ಲಿ ಇಟ್ಟಿದ್ದೇನೆ. ಕುರಿ, ಮರಿ, ನಾಯಿ, ನೀನು ಎಲ್ಲ ತಣ್ಣಗಿರಿ. ಮೈಲಾರಲಿಂಗ ನಿನ್ನ ಹಟ್ಟಿ ಕಾಯಲಿ. ಅಜ್ಜಿ ಹೇಳಿದ್ದು: “ನನ್ನ ಆಶೀರ್ವಾದ ಬರಿ, ಹೊಗೆಸೊಪ್ಪು ತರ್ಲಿಲ್ಲಂದ್ರ ವಾಪಸ್ ತಗೋತೀನಂತ ಅದನ್ನೂ ಬರಿ.”

ನಿನ್ನ ತಲೆನೋವು,
ನೀಲಿ

ತಾ.ಕ.: ಈಗ ಬಿಚ್ಚು. ಹತ್ತನೇ ಕ್ಲಾಸಿಗೆ ಮರಳಿ ಸೇರುವ ಅರ್ಜಿ ಅದು. ಖಾಲಿ ಇರುವ ಖಾನೆ ‘ಶಾಲೆ ಬಿಟ್ಟ ಕಾರಣ’. ನಾನು ನೂರೀನಳಿಗೆ ಹೇಳಿದ್ದು, “ಓದಿನಲ್ಲಿ ಆಸಕ್ತಿ ಇರಲಿಲ್ಲ.” ಹೋದ ವರ್ಷ ಅಜ್ಜಿ ಬಿದ್ದ ಮೇಲೆ ನೀನು ನನ್ನನ್ನು ಹಟ್ಟಿಯ ಹತ್ತಿರ ಕರೆದು ಕೇಳಿದೆಯಲ್ಲ: “ಓದ್ತೀಯೇನವಾ? ಓದ್ತೀನಂದ್ರ ಕುರಿ ಮಾರಿ ನಿಮ್ಮಜ್ಜಿನ್ನ ನಾನ ನೋಡ್ಕೋತೀನಿ.” ಹಾಗೆ ಕೇಳುವಾಗ ನಿನ್ನ ಕೈ ಕರಿ ಟಗರಿನ ಕೊಂಬಿನ ಮೇಲಿತ್ತು. ಮಾತು ಮುಗಿದರೂ ಅದನ್ನು ಬಿಟ್ಟಿರಲಿಲ್ಲ. ನಾನು ಅದನ್ನೇ ನೋಡುತ್ತಾ, “ಓದು ನನಗ ಸೇರಂಗಿಲ್ಲಪಾ, ಕುಂತಲ್ಲಿ ಕುಂದ್ರಾಕ ಆಗಂಗಿಲ್ಲ,” ಅಂದೆ. ನನ್ನ ಮಗಳು ಸುಳ್ಳು ಹೇಳುವುದಿಲ್ಲ ಎಂದು ನೀನು ನಂಬಿದೆ. ನಿನಗೆ ನಾನು ಹೇಳಿದ ಸುಳ್ಳು ಅದೊಂದೇ. ಕುರಿ ಮಾರಬೇಡ, ಈಗ ಅದರ ಅಗತ್ಯವಿಲ್ಲ. ಖಾನೆಯಲ್ಲಿ ಏನು ಬರೆಯಬೇಕೋ ನೀನೇ ಬರೆ, ಅಕ್ಷರ ಸೊಟ್ಟಗಾದರೂ ಚಿಂತೆಯಿಲ್ಲ. ಕೆಳಗೆ ತಂದೆಯ ಸಹಿಗೆ ಜಾಗವಿದೆ. ನಿನ್ನ ಸಹಿ ಹಾಕಲು ನನಗೆ ಚೆನ್ನಾಗಿ ಬರುತ್ತದೆ. ಹಾಕಿಲ್ಲ.