ಬೇಸ್ ಗಿಟಾರ್ ಯಾರ ಕೈಗೆ

ಸರಸಂಬಾ
4 ಮೇ 2025, ರವಿವಾರ

ಪ್ರೀತಿಯ ಮಗಳು ಪಂಚಶೀಲಾಳಿಗೆ ಅಪ್ಪನ ಜೈಭೀಮ.

ನಾವಿಬ್ಬರೂ ಕ್ಷೇಮ. ನೀನೂ ಕ್ಷೇಮ ಎಂದು ನಿನ್ನ ಅವ್ವ ಹೇಳಿದಳು, ಏಕೆಂದರೆ ನೀನು ಆಕೆಯ ಫೋನಷ್ಟೇ ಎತ್ತುತ್ತಿ. ತಡಮಾಡಿ ಬರೆಯುತ್ತಿದ್ದೇನೆ, ಬೈಯಬೇಡ. ಮೂರು ಸಲ ಬರೆದು ಹರಿದೆ. ಅವಳ ಫೋನಿನಲ್ಲಿ ಮಾತಾಡಿದರೂ ನನ್ನ ಬಾಯಿ ಒಂದು ಹೇಳಲು ಹೋಗಿ ಇನ್ನೊಂದು ಹೇಳುತ್ತದೆ, ನೀನು ಅರ್ಧಕ್ಕೇ ಕಟ್ ಮಾಡುತ್ತಿ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ.

ಬುದ್ಧಪೂರ್ಣಿಮೆಗೆ ಜೇವರ್ಗಿಯವರು ನಮ್ಮ ಭೀಮಗೀತೆ ಮೇಳವನ್ನು ಕರೆದಿದ್ದಾರೆ. ನಿನ್ನ ರೂಮಿನಿಂದ ಹತ್ತು ನಿಮಿಷ ನಡೆದರೆ ಆ ಮೈದಾನ. ಅವರು ಕೇಳಿದ ಮೊದಲ ಮಾತೇ, 'ಅಫಜಲಪುರದಾಗ ಬೇಸ್ ಬಾರಿಸಿದ ಆ ಹುಡುಗಿ ಬರ್ತಾಳಿಲ್ಲೋ?' ಎಂದು. ನೀನು ಅವ್ವನಿಗೆ, 'ಪೀರಪ್ಪ ಕಾಕಾ ಇರೋ ಸ್ಟೇಜ್ ನಾ ಹತ್ತಂಗಿಲ್ಲ' ಎಂದಿದ್ದೀಯಂತೆ. ಮೇಳದ ಹಿರಿಯ ಅವನು, ಹೊಸ ಬೇಸ್ ನಿನ್ನಿಂದ ಕಿತ್ತು ದೌಲತರಾಯನ ತಂಗಿಯ ಮಗನಿಗೆ ಕೊಟ್ಟ ಎಂದು ನಿನ್ನ ಸಿಟ್ಟು. ಬರಬೇಕೋ ಬೇಡವೋ ಎಂಬುದನ್ನು ಈ ಕಾಗದ ಕೊನೆಯವರೆಗೆ ಓದಿ ತೀರ್ಮಾನಿಸು.

ಆ ಬೇಸ್ ಕೊಂಡ ಕಥೆ ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ಜನವರಿಯಲ್ಲಿ ಸೊಲ್ಲಾಪುರಕ್ಕೆ ಮೂವರು ಹೋದೆವು. ನಾನು, ಮೂವತ್ತು ವರ್ಷ ಬೇಸ್ ಬಾರಿಸಿದ್ದೇನೆಂದು. ಪೀರಪ್ಪ, ಮೇಳ ಅವನದೆಂದು. ದೌಲತರಾಯ, ಕಾರು ಅವನದೆಂದು. ಆಳಂದದಲ್ಲಿ ತೊಗರಿ ಖರೀದಿ ಮಾಡುವವನಿಗೆ ಜಗತ್ತೆಲ್ಲ ತೊಗರಿಯೇ. ಅಂಗಡಿಗೆ ಹೊಕ್ಕವನೇ ಬೇಸಿನ ಹೊಟ್ಟೆ ತಟ್ಟಿದ, ತೂತಿಗೆ ಮೂಗು ಹಚ್ಚಿ ಮೂಸಿದ, ಆಮೇಲೆ ತಂತಿ ಎಣಿಸಿದ.

'ಅಲ್ರೀ, ನಾಲ್ಕೇ ತಂತಿ ಅವ, ಇಷ್ಟು ರೊಕ್ಕ ಹೇಳ್ತೀರಿ. ಬಾಜೂದಾಗ ಆರು ತಂತಿದು ಇದರ ಅರ್ಧಕ್ಕ ಅದ. ನಮಗೇನು ಹುಚ್ಚು ಹಿಡದದೇನ್ರಿ?' ಎಂದ.

ಅಂಗಡಿಯವನು ಗಲ್ಲಾಪೆಟ್ಟಿಗೆಯ ಕಡೆ ಮುಖ ತಿರುಗಿಸಿ ನಕ್ಕ. ನಾನು ನೆಲ ನೋಡಿದೆ. ಬೇಸಿನ ತಂತಿ ದಪ್ಪ, ಅದಕ್ಕೆ ತಕ್ಕ ಮರ, ಅದಕ್ಕೆ ತಕ್ಕ ಬೆಲೆ ಎಂದರೆ, 'ದಪ್ಪ ಇದ್ರ ತೂಕ ಮಾಡಿ ಕೊಡ್ಲಿ ಹಂಗಾದ್ರ' ಎಂದ ಆ ಮಹಾಪುರುಷ.

ತಾಲೀಮಿನಲ್ಲಿ ಕರೆಂಟು ಹೋದರೂ ಕೇಳಬೇಕು, ಅದಕ್ಕೆ ಟೊಳ್ಳು ಮೈಯದು ಬೇಕಿತ್ತು. ಸ್ಟೇಜಿನಲ್ಲಿ ಆಂಪ್ಲಿಫೈಯರಿಗೆ ಸೇರಿಸಲು ಒಳಗೆ ತಂತಿಯ ದನಿ ಹಿಡಿಯುವ ಪಿಕಪ್ ಬೇಕಿತ್ತು. ಐದು ಬೇಸ್ ತೊಡೆಯ ಮೇಲಿಟ್ಟು ನೋಡಿದೆ. ಒಂದರ ತಲೆ ಭಾರ, ಕೈಬಿಟ್ಟರೆ ನೆಲಕ್ಕೆ ಬಾಗುತ್ತಿತ್ತು. ಇನ್ನೊಂದರ ತಂತಿ ಮೇಲಿನ ಸ್ವರದ ಮನೆಗಳಲ್ಲಿ ಕರಕರ ಎನ್ನುತ್ತಿತ್ತು. ದೌಲತರಾಯ ತೋರಿಸಿದ್ದು ಚೆನ್ನಾಗಿ ಹೊಳೆಯುತ್ತಿತ್ತು, ಬೇರೇನೂ ಮಾಡುತ್ತಿರಲಿಲ್ಲ. ಕತ್ತು ಗಿಡ್ಡವಿದ್ದ ಕಂದು ಬಣ್ಣದ್ದನ್ನು ಆರಿಸಿದೆ. ನಿನ್ನ ಕಿರುಬೆರಳು ಎಲ್ಲಿಯವರೆಗೆ ಮುಟ್ಟುತ್ತದೆಂದು ನನಗೆ ಗೊತ್ತಿತ್ತು.

ಆಂಪ್ಲಿಫೈಯರ್ ಕೂಡ ನಾನೇ ಆರಿಸಿದೆ. ಬೇಸಿಗೆಂದೇ ಮಾಡಿದ್ದು, ಹನ್ನೆರಡು ಇಂಚಿನ ಸ್ಪೀಕರು. ಟೊಳ್ಳು ವಾದ್ಯವನ್ನು ಜೋರು ಮಾಡಿದರೆ ಕೂಗು ಹಾಕುತ್ತದೆ, ಆ ಕೂಗುವ ಸ್ವರವನ್ನಷ್ಟೇ ತಗ್ಗಿಸುವ ಗುಂಡಿ ಅದರಲ್ಲಿತ್ತು. ಬಳಸಿ ನೋಡಿ, ಬೇಡವಾದರೆ ಹದಿನೈದು ದಿನದೊಳಗೆ ವಾಪಸ್ ಕೊಡಿ ಎಂದ ಅಂಗಡಿಯವನು. ಅಫಜಲಪುರದಲ್ಲಿ ಅದನ್ನೇ ಇಟ್ಟೆವು. ಅರ್ಧ ಹಾಡುಗಳಿಗೆ ನಾನು ಬಾರಿಸಿದೆ, ಉಳಿದರ್ಧಕ್ಕೆ ನೀನು. ದನಿ ಹೇಗಿತ್ತೆಂದು ನಿನಗೆ ಹೇಳಬೇಕಾಗಿಲ್ಲ.

ಊರಿಗೆ ಬಂದ ಮೇಲೆ ಬುದ್ಧವಿಹಾರದಲ್ಲಿ ಮೀಟಿಂಗ್ ಆಯಿತು. ಬೇಸ್ ದೌಲತರಾಯನ ತಂಗಿಯ ಮಗ ಕಲ್ಯಾಣಕುಮಾರನ ಪಾಲಾಯಿತು. ವಯಸ್ಸು ಮೂವತ್ತು. ತಲೆಗೆ ಹಚ್ಚುವ ಜೆಲ್ಲಿನ ಬಗ್ಗೆ ಅವನಿಗಿರುವ ತಿಳಿವಳಿಕೆಯಲ್ಲಿ ಹತ್ತನೆಯ ಒಂದು ಪಾಲು ತಾಳದ ಬಗ್ಗೆ ಇದ್ದಿದ್ದರೂ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಆಮೇಲೆ ಆಂಪ್ಲಿಫೈಯರಿನ ಪರೀಕ್ಷೆ. ನಮ್ಮ ಕಡೆ ಮೈಕ್‌ಸೆಟ್ ಕೊಳ್ಳುವ ಪದ್ಧತಿ ನೀನು ಬಲ್ಲೆ. ಒಬ್ಬ ಇಲ್ಲಿ ಹಾಡಬೇಕು, ಇನ್ನೊಬ್ಬ ಗಾಡಿ ಹತ್ತಿ ಮುಂದಿನ ಊರಿನ ಸೀಮೆಯಲ್ಲಿ ನಿಂತು ಕೇಳಬೇಕು. ಅಲ್ಲಿಗೆ ಮುಟ್ಟಿದರೆ ಮಾಲು ಚಲೋ. ಬೇಸ್ ಆಂಪ್ಲಿಫೈಯರಿಗೂ ಅದೇ ಪರೀಕ್ಷೆ! ಮೈಕ್‌ಸೆಟ್ಟಿನ ಸರ್ದಾರ ಆಳಂದ ರಸ್ತೆಯಲ್ಲಿ ಎರಡು ಕಿಲೋಮೀಟರ್ ಹೋಗಿ ಫೋನ್ ಮಾಡಿದ. 'ಹಾಂ, ಶುರು ಮಾಡ್ರಿ' ಎಂದ. ನಾನು ಬಾರಿಸಲು ಶುರು ಮಾಡಿ ಐದು ನಿಮಿಷವಾಗಿತ್ತು.

'ಏನೂ ಕೇಳವಲ್ದ್ರೀ ಕಾಕಾ. ಯಾರದೋ ಟ್ರ್ಯಾಕ್ಟರ್ ಒಂದು ಕೇಳಾಕತ್ತದ' ಎಂದ.

'ನೋಡ್ದಿ?' ಎಂದು ದೌಲತರಾಯ ನನ್ನ ಕಡೆ ಕೈಮಾಡಿದ. 'ಇಷ್ಟು ದೊಡ್ಡ ಡಬ್ಬಿ, ಊರ ದಾಟಂಗಿಲ್ಲ. ಸರ್ದಾರನ ಭೋಂಗಾ ಮೂರು ಊರಿಗಿ ಕೇಳ್ತದ. ಇದನ್ನ ವಾಪಸ್ ಒಗೀರಿ.'

ಬೇಸ್ ಇರುವುದು ಪಕ್ಕದ ಊರಿನವರಿಗಲ್ಲ, ಮುಂದೆ ಕೂತವರ ಎದೆಗೆ ಎಂದೆ. ಭೋಂಗಾದ ಕಹಳೆಯಂಥ ತಗಡಿನ ಬಾಯಿಯಿಂದ ತಗ್ಗಿನ ಸ್ವರ ಹೊರಡುವುದೇ ಇಲ್ಲ ಎಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಪೀರಪ್ಪನೊಬ್ಬ, 'ದೇವಾನಂದ ಹೇಳೂದು ಜರಾ ಕೇಳ್ರಿ' ಎಂದ. ಯಾರೂ ಕೇಳಲಿಲ್ಲ. ಆಂಪ್ಲಿಫೈಯರ್ ಸೊಲ್ಲಾಪುರಕ್ಕೆ ವಾಪಸ್ ಹೋಯಿತು.

ಭೀಮಜಯಂತಿಯ ದಿನ ಬೇಸನ್ನು ಭೋಂಗಾಕ್ಕೆ ಸೇರಿಸಿದರು. ತಂತಿ ಮೀಟಿದರೆ ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದ ಸದ್ದು. ಕಲ್ಯಾಣಕುಮಾರ ದನಿ ಹೆಚ್ಚಿಸಿದ, ಅದು ಕೂಗಿತು. ಕೂಗಿದ್ದನ್ನು ಅಡಗಿಸಲು ಇನ್ನೂ ಹೆಚ್ಚಿಸಿದ. ಮುಂದಿನ ಸಾಲಿನಲ್ಲಿದ್ದ ಸುಂದರಬಾಯಿ ಆಯಿ ಕಿವಿಗೆ ಸೆರಗು ಒತ್ತಿಕೊಂಡು, 'ಏ ತಮ್ಮಾ, ಅದರ ಕುತ್ತಿಗಿ ಬಿಡೋ, ಸತ್ತೇ ಹೋಗ್ತದ!' ಎಂದು ಚೀರಿದಳು. 'ತಂತಿನೇ ಖರಾಬ್ ಅವ ಆಯಿ' ಎಂದ ಇವನು. ಕುಣಿಯಲಾರದವಳಿಗೆ ನೆಲ ಡೊಂಕು. ಕಾರ್ಯಕ್ರಮ ಮುಗಿದ ಮೇಲೆ ಬೇಸ್ ಹಿಡಿದು ಒಂಬತ್ತು ಫೋಟೋ ತೆಗೆಸಿಕೊಂಡ, ಅದೊಂದು ಕೆಲಸ ಅವನಿಗೆ ಚೆನ್ನಾಗಿ ಬರುತ್ತದೆ.

ಹೋದ ವಾರ ಆಳಂದ ಬಸ್‌ಸ್ಟ್ಯಾಂಡಿನ ಮುಂದೆ ಕಲ್ಯಾಣಕುಮಾರನ ಜೀಪು ನಿಂತಿತ್ತು. ಹಿಂದಿನ ಸೀಟಿನಲ್ಲಿ ಬೇಸ್ ಬಿದ್ದಿತ್ತು, ನಲವತ್ಮೂರು ಡಿಗ್ರಿ ಬಿಸಿಲಿನಲ್ಲಿ, ಚೀಲವೂ ಇಲ್ಲದೆ, ಮೇಲೊಂದು ಕ್ರಿಕೆಟ್ ಬ್ಯಾಟು. ತಂತಿ ಕಟ್ಟುವ ಬ್ರಿಜ್ಜಿನ ಅಂಚು ಮರದಿಂದ ಎದ್ದಿತ್ತು. ಬಾಗಿಲು ತೆಗೆದು ಎತ್ತಿಕೊಂಡು ಬಸ್ ಹತ್ತಿಬಿಟ್ಟೆ. 'ಕಾಕಾ, ಕೇಳಿ ಒಯ್ಯಬಾರದಾ?' ಎಂದು ಅವನ ಫೋನು ಬಂತು. 'ನೀ ಬಾರಿಸೂಕಿಂತ ಮೊದಲು ಯಾರನ್ನ ಕೇಳಿದ್ದಿ ಲೇ?' ಎಂದು ಇಟ್ಟೆ.

ತಂತಿ ಸಡಿಲಿಸಿ, ಬಡಿಗೇರರ ಕಡೆ ಅಂಟು ಹಾಕಿಸಿ, ಎರಡು ದಿನ ಬಿಗಿದು ಇಡಿಸಿದೆ. ಈಗ ಸರಿಯಾಗಿದೆ. ನಿನ್ನ ಅವ್ವ ಇದನ್ನೆಲ್ಲ ನೋಡುತ್ತಾ, 'ಊರ ಮಂದೀನೆಲ್ಲಾ ಕತ್ತೆ ಅಂತ ಬೈತೀರಿ. ನೀವೊಬ್ರೇ ಶಾಣ್ಯಾ ಏನು?' ಎಂದಳು. ನಾನು ಬೇಸ್ ಎತ್ತಿಕೊಂಡು ಅಂಗಳಕ್ಕೆ ಹೋದೆ.

ಜೇವರ್ಗಿಯವರು ಕಲಬುರಗಿಯಿಂದ ಬೇಸ್ ಆಂಪ್ಲಿಫೈಯರನ್ನೇ ಬಾಡಿಗೆಗೆ ತರಿಸುತ್ತಾರೆ, ಎಂಥದ್ದು ಬೇಕೆಂದು ನಾನು ಬರೆದುಕೊಟ್ಟಿದ್ದೇನೆ. ಬೇಸ್ ನಾನು ತರುತ್ತೇನೆ, ಪಿಕಪ್ಪಿಗೆ ಹೊಸ ಬ್ಯಾಟರಿ ಹಾಕಿದ್ದೇನೆ. ಸ್ಪೀಕರು ಅದರ ತೂತಿಗೆ ಎದುರಾಗಿ ಇರಬಾರದು, ಪಕ್ಕಕ್ಕೆ ಇಡಿಸು. ಕಲ್ಯಾಣಕುಮಾರ ಬರುವುದಿಲ್ಲ. ನೀನು ಬಂದರೆ ಬೇಸ್ ಇರುತ್ತದೆ, ಬರದಿದ್ದರೆ ಬೇಸ್ ಇಲ್ಲದೆಯೇ ಹಾಡುತ್ತೇವೆ ಎಂದು ಪೀರಪ್ಪ ಹೇಳಿದ್ದಾನೆ.

ಬಿಸಿಲು ಜಾಸ್ತಿ, ಮಧ್ಯಾಹ್ನ ಹೊರಗೆ ಅಡ್ಡಾಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಬೆರಳಿಗೆ, ನಿನ್ನ ಬಾಳಿಗೆ ಒಳ್ಳೆಯದಾಗಲಿ.

ನಿನ್ನ ಅಪ್ಪ
ದೇವಾನಂದ

ತಾ.ಕ.: ಹರಿದು ಹಾಕಿದ ಮೂರೂ ಕಾಗದಗಳಲ್ಲಿ ಇದನ್ನು ಬರೆಯಲಾಗಿರಲಿಲ್ಲ. ಪೀರಪ್ಪನ ಮೇಲೆ ಸಿಟ್ಟು ಬೇಡ. ಮೀಟಿಂಗಿನಲ್ಲಿ ಅವನು, 'ಪಂಚಶೀಲಾನ ಕೈಯಾಗೇ ಇರಲಿ' ಎಂದಿದ್ದ. ದೌಲತರಾಯನೂ ಅಡ್ಡ ಮಾತಾಡಿರಲಿಲ್ಲ. ಬೇಡ ಎಂದವನು ನಾನು. ನಾಳೆ ಲಗ್ನವಾಗಿ ಹೋಗುವವಳು, ಕಲ್ಯಾಣಕುಮಾರನಿಗೆ ಕೊಡಿ ಎಂದೆ. ಮನೆಗೆ ಬಂದು, ಪೀರಪ್ಪ ಕೊಡಲಿಲ್ಲ ಎಂದು ನಿನಗೆ ಸುಳ್ಳು ಹೇಳಿದೆ. ನೀನು ಅವನ ಜೊತೆ ಮಾತು ಬಿಟ್ಟರೂ ಆ ಮನುಷ್ಯ ನನ್ನ ಹೆಸರು ಹೇಳಲಿಲ್ಲ. ಅಫಜಲಪುರದಲ್ಲಿ ನಾನು ಬಾರಿಸುವಾಗ ಜನ ಚಹಾಕ್ಕೆ ಎದ್ದು ಹೋಗಿದ್ದರು. ನೀನು ಶುರು ಮಾಡಿದ ಮೇಲೆ ಒಬ್ಬೊಬ್ಬರೇ ವಾಪಸ್ ಬಂದು ಕೂತರು. ನಾನು ಸ್ಟೇಜಿನ ಪಕ್ಕ ನಿಂತು ನೋಡಿದೆ. ನನಗೆ ಖುಷಿಯಾಗಲಿಲ್ಲ ಮಗಳೇ, ಹೊಟ್ಟೆ ಉರಿಯಿತು.