ಬಹರೈನಿಗೆ ನೇರ

ಬಿಕರ್ನಕಟ್ಟೆ, ಮಂಗಳೂರು
17-8-1988

ಪ್ರೀತಿಯ ಮಾವ,

ನಿಮಗೂ ಸ್ನೇಹಲತಾ ಅತ್ತೆಗೂ ಶಶಿಯ ನಮಸ್ಕಾರ. ಸಿಟ್ಟು ಬಂದಿದೆಯೆಂದು ನಮಸ್ಕಾರದಲ್ಲಿ ಜಿಪುಣತನ ಮಾಡುವವಳಲ್ಲ ನಾನು. ನಿಮ್ಮ ಮೊಣಕಾಲು ಈಗ ಹೇಗಿದೆ? ಬೊಂಬಾಯಿಯ ಮಳೆಗೆ ನೋವು ಹೆಚ್ಚಾಗಿದೆಯೆಂದು ಅತ್ತೆ ಬರೆದಿದ್ದರು. ಹೋಟೆಲಿನ ಗಲ್ಲಾದಲ್ಲಿ ಕುಳಿತಲ್ಲೇ ಕುಳಿತಿರಬೇಡಿ. ಆಗಾಗ ಎದ್ದು ಅಡುಗೆಮನೆಯವರೆಗಾದರೂ ನಡೆಯಿರಿ. ಅಲ್ಲಿ ಬೈಯಲು ಯಾರಾದರೂ ಸಿಗುತ್ತಾರೆ, ಕಾಲಿಗೂ ಮನಸ್ಸಿಗೂ ಹಗುರವಾಗುತ್ತದೆ. ಅಮ್ಮ ಬಸ್ಸಿನವರ ಕೈಯಲ್ಲಿ ಕಳಿಸಿದ ಎಣ್ಣೆ ತಲುಪಿತೇ? ಅದನ್ನು ಬಿಸಿ ಮಾಡಿ ಹಚ್ಚಬೇಕಂತೆ. ಇಲ್ಲಿ ಅಮ್ಮ ಸೌಖ್ಯ. ಶರೀರ ಮಾತ್ರ ಸೌಖ್ಯ. ಭಾನುವಾರ ನೀವು ಕೆಳಗಿನ ಮನೆಯ ಫೋನಿನಲ್ಲಿ ಮಾತಾಡಿದ ಮೇಲೆ ಅವಳ ಮನಸ್ಸು ಸರಿಯಿಲ್ಲ.

ನೀವು ಹೇಳಿದ್ದನ್ನೆಲ್ಲ ಅವಳು ಮೆಟ್ಟಿಲು ಹತ್ತಿ ಬರುತ್ತಲೇ ಅಳುತ್ತ ಹೇಳಿದಳು. ಮದುವೆಗೆ ಮೊದಲೇ ಹುಡುಗಿ ಗಂಡಿನ ಆಫೀಸಿಗೆ ಟೆಲೆಕ್ಸ್ ಕಳಿಸಿ ಮನೆಯ ಮಾನ ತೆಗೆದಳು. ಈ ತಿಂಗಳು ಮುಗಿಯುವುದರೊಳಗೆ ಕೆಲಸಕ್ಕೆ ರಾಜೀನಾಮೆ ಕೊಡಬೇಕು. ಗಂಡಿನ ಕಡೆಯವರಿಗೆ ತಪ್ಪಾಯಿತೆಂದು ಬರೆಯಬೇಕು. ಇಲ್ಲದಿದ್ದರೆ ಚೌತಿ ಕಳೆದ ಮೇಲೆ ನಿಶ್ಚಿತಾರ್ಥದ ವೀಳ್ಯ ಬದಲಾಯಿಸಲು ನೀವು ಬರುವುದಿಲ್ಲ. ಇಷ್ಟೇ ಅಲ್ಲವೇ? ಮಾವ, ಎರಡೂ ಆಗುವುದಿಲ್ಲ. ರಾಜೀನಾಮೆ ಕೊಡುವುದಿಲ್ಲ, ತಪ್ಪಾಯಿತೆಂದು ಬರೆಯುವುದೂ ಇಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀವು ನಿಧಾನವಾಗಿ ಓದಬಹುದು. ಜಗಳ ತುಳುವಿನಲ್ಲೇ ಚಂದ, ಆದರೆ ತುಳುವಿನಲ್ಲಿ ಕಾಗದ ಬರೆಯುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ಕನ್ನಡದಲ್ಲಿ ನನ್ನ ಮಾತು ಮೆತ್ತಗೆ ಕಂಡರೆ ಮೋಸ ಹೋಗಬೇಡಿ.

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದ ಸೋದರಮಾವ ನೀವು. ಅದನ್ನು ಮರೆತು ಬರೆಯುತ್ತಿಲ್ಲ. ಹುಡುಗಿಗೆ ಗಣಿತದ ಡಿಗ್ರಿ ಯಾಕೆ, ಹೊಲಿಗೆ ಕಲಿಯಲಿ ಎಂದು ಕುಟುಂಬದವರೆಲ್ಲ ಕುಳಿತು ತೀರ್ಮಾನ ಮಾಡಿದ ದಿನ ನೀವು ಚಾವಡಿಯಲ್ಲಿ ಎದ್ದು ನಿಂತು, "ಅವಳನ್ನೇ ಕೇಳಿ ಮಾರಾಯ್ರೆ, ಕಲಿಯುವುದು ಅವಳಲ್ವಾ" ಎಂದಿರಿ. ಆ ಮಾತಿಗೆ ನಾನು ಇವತ್ತಿಗೂ ನಿಮ್ಮ ಕಾಲಿಗೆ ಬೀಳಬಲ್ಲೆ. ಅದೇ ಸರ್ವೋತ್ತಮ ಮಾವ ಈ ಸಲ ನನ್ನನ್ನು ಬಿಟ್ಟು ಉಳಿದವರನ್ನೆಲ್ಲ ಕೇಳಿದರಲ್ಲ ಎಂಬುದೇ ನನ್ನ ಸಂಕಟ.

ನನ್ನ ಕೆಲಸ ಎಂತದ್ದೆಂದು ನೀವು ಒಮ್ಮೆಯೂ ವಿಚಾರಿಸಿಲ್ಲ. "ಪಣಂಬೂರಿನಲ್ಲಿ ಟೈಪಿಂಗ್" ಎಂದು ಗಂಡಿನ ಕಡೆಯವರಿಗೆ ಹೇಳಿದಿರಂತೆ. ಟೈಪಿಂಗ್ ಅಲ್ಲ. ನಮ್ಮದು ಹಡಗಿನ ಏಜೆಂಟರ ಆಫೀಸು. ಬಂದರಿಗೆ ಯಾವ ಹಡಗು ಬಂತು, ಎಷ್ಟು ಸರಕು ಇಳಿಯಿತು, ಯಾವಾಗ ಹೊರಡುತ್ತದೆ ಎಂದು ಕೊಲ್ಲಿಯ ಊರುಗಳಿಗೆ ದಿನವೂ ತಿಳಿಸಬೇಕು. ಮೊದಲು ಪದ್ಧತಿ ಹೇಗಿತ್ತೆಂದರೆ, ಇಲ್ಲಿ ಹೊಡೆದದ್ದು ತಂತಿಯಲ್ಲಿ ಹೋಗಿ ಅಲ್ಲಿ ಅಚ್ಚಾಗುವ ಟೆಲೆಕ್ಸ್ ಯಂತ್ರದಲ್ಲಿ ನಾವು ಬೊಂಬಾಯಿ ಆಫೀಸಿಗೆ ಕಳಿಸುವುದು, ಅಲ್ಲಿಯವರು ಅದನ್ನು ಓದಿ ಮತ್ತೆ ಹೊಡೆದು ಮುಂದಕ್ಕೆ ಕಳಿಸುವುದು. ಕಳೆದ ವರ್ಷ ಒಂದು ಗೊಬ್ಬರದ ಹಡಗು ಇನ್ನೂ ಖಾಲಿಯಾಗಿಲ್ಲ ಎಂದು ನಾವು ಕಳಿಸಿದೆವು. ನಡುವಿನ ಪುಣ್ಯಾತ್ಮ "ನಾಟ್" ಎಂಬ ಒಂದು ಶಬ್ದವನ್ನು ನುಂಗಿದ. ಖಾಲಿಯಾಗಿದೆ ಎಂದು ತಿಳಿದು ಅತ್ತಲಿಂದ ಇನ್ನೊಂದು ಹಡಗನ್ನೇ ಹೊರಡಿಸಿಬಿಟ್ಟರು. ಎರಡು ಹಡಗು ಒಂದೇ ಜಾಗಕ್ಕೆ ಬಂದು ನಿಂತು, ನಮ್ಮ ಮ್ಯಾನೇಜರರ ರಕ್ತದೊತ್ತಡ ಅಂದೇ ಶುರುವಾದದ್ದು. ಆಮೇಲೆ ಅವರು ಒಂದು ಕಂಪ್ಯೂಟರ್ ತರಿಸಿದರು. ಟೆಲೆಕ್ಸ್ ತಂತಿಗೂ ಅದಕ್ಕೂ ನಡುವೆ ಒಂದು ಪೆಟ್ಟಿಗೆ ಜೋಡಿಸಿದರು. ನನ್ನನ್ನು ಕರೆದು, "ನೀನು ಲೆಕ್ಕ ಕಲಿತವಳು. ನಡುವೆ ಯಾರ ಕೈಯೂ ತಾಗಬಾರದು, ಇಲ್ಲಿಂದ ಹೊರಟದ್ದು ನೇರ ಅವರ ಮೆಷಿನಿಗೇ ಹೋಗ್ಬೇಕು. ಆಗ್ತದಾ?" ಎಂದರು. ಆ ಪ್ರೋಗ್ರಾಮ್ ಬರೆದವಳು ನಿಮ್ಮ ಸೊಸೆ. ಈಗ ಸಂದೇಶವನ್ನೂ ನಂಬರನ್ನೂ ಕೊಟ್ಟರೆ ಸಾಕು. ಡಯಲ್ ಮಾಡುವುದು, ಮಾತಾಡುವುದು, ತಲುಪಿತೋ ಎಂದು ನೋಡುವುದು ಎಲ್ಲ ಅದೇ.

ಮೊದಮೊದಲು ಅದು ಸರಿ ಹೋಗಲಿಲ್ಲ. ಲೈನ್ ಸಿಕ್ಕಿದ್ದೇ ತಡ ಗಡಗಡ ಹೇಳಿ ಮುಗಿಸುತ್ತಿತ್ತು, ಅತ್ತ ಸಂದೇಶದ ತಲೆ ಇರುತ್ತಿರಲಿಲ್ಲ, ಬರೀ ಬಾಲ. ನಮ್ಮ ಹಳೆಯ ಟೆಲೆಕ್ಸ್ ಆಪರೇಟರ್ ಆಂಬ್ರೋಸ್ ಬಾಗಿಲಿಗೆ ಒರಗಿ ನಿಂತು ನಕ್ಕರು. "ಎಂತ ಶಶಿ ಬಾಯಿ, ನಿಮ್ಮ ಕಂಪ್ಯೂಟರಿಗೆ ಮರ್ಯಾದೆ ಉಂಟಾ? ಮನೆಯವರು ಬಾಗಿಲು ತೆಗೆಯುವ ಮೊದಲೇ ಕಥೆ ಶುರು ಮಾಡ್ತದಲ್ಲ!" ವಿಷಯ ಇರುವುದೇ ಅಲ್ಲಿ. ಲೈನ್ ಸಿಕ್ಕಿದ ಮೇಲೆ ನೀನು ಯಾರು ಎಂದು ಕೇಳಬೇಕು. ಆ ಕಡೆಯ ಯಂತ್ರ ತನ್ನ ಹೆಸರನ್ನು ತಾನೇ ಹೇಳುತ್ತದೆ. ನಾವೂ ನಮ್ಮ ಹೆಸರು ಹೇಳಬೇಕು. ಆಮೇಲೆ ವಿಷಯ. ಮುಗಿದ ಮೇಲೆ ಮತ್ತೊಮ್ಮೆ ಕೇಳಿ, ಅದೇ ಹೆಸರು ಬಂದರೆ ಮಾತು ಪೂರ್ತಿ ತಲುಪಿತು ಎಂದರ್ಥ. ನಮ್ಮ ಮನೆಗಳಲ್ಲಿ ಬಂದವರಿಗೆ ಬೆಲ್ಲ ನೀರು ಕೊಡದೆ ವಿಷಯ ಎತ್ತುವುದುಂಟೇ? ಆ ಕ್ರಮವನ್ನು ನಾನು ಪ್ರೋಗ್ರಾಮಿಗೆ ಕಲಿಸಿದೆ. ಅತ್ತಲಿಂದ ಹೆಸರು ಬಾರದಿದ್ದರೆ ಸ್ವಲ್ಪ ಕಾಯುವುದನ್ನೂ, ಕಾದು ಸಾಕಾದರೆ ಲೈನ್ ಬಿಟ್ಟು ಮತ್ತೆ ಡಯಲ್ ಮಾಡುವುದನ್ನೂ ಕಲಿಸಿದೆ. ಆಂಬ್ರೋಸರಿಗೆ ಈಗ ಅದರ ಮೇಲೆ ನನಗಿಂತ ಹೆಚ್ಚು ಅಭಿಮಾನ. ಬಂದವರಿಗೆಲ್ಲ ತೋರಿಸುತ್ತಾರೆ.

ಇನ್ನು ನಮ್ಮ ವಿಷಯಕ್ಕೆ ಬರುತ್ತೇನೆ. ಆಟಿ ತಿಂಗಳಿಗೆ ಮೊದಲು ನೀವು ಫೋನ್ ಮಾಡಿ, ಮದುವೆಯಾದ ಮೇಲೆ ಕೆಲಸ ಬಿಡುತ್ತೀಯಲ್ಲ ಎಂದು ತುಳುವಿನಲ್ಲಿ ಕೇಳಿದಿರಿ. ನಾನು "ತೂಕ ಮಾವ" ಎಂದೆ. ನೋಡುವ ಎಂದೆ. ನಮ್ಮೂರಿನಲ್ಲಿ ನೋಡುವ ಎಂದರೆ ಎಂತ ಅರ್ಥ ಮಾವ? ಸೀರೆಯಂಗಡಿಯಲ್ಲಿ ಇಪ್ಪತ್ತು ಸೀರೆ ಬಿಡಿಸಿ ಹಾಕಿಸಿ ಅಮ್ಮ "ತೂಕ" ಎಂದು ಎದ್ದರೆ ಅಂಗಡಿಯವರು ಸೀರೆ ಕಟ್ಟಿ ಕೊಡುತ್ತಾರೋ, ಮಡಚಿ ಒಳಗಿಡುತ್ತಾರೋ? ಹಿರಿಯರ ಮುಖಕ್ಕೆ ಇಲ್ಲ ಎನ್ನಬಾರದೆಂದು ನಮಗೆ ಕಲಿಸಿದವರು ನೀವೇ. ಹಾಗಾಗಿ ಇಲ್ಲ ಎಂಬುದನ್ನು ನಾವು ನೋಡುವ ಎನ್ನುತ್ತೇವೆ. ಇದು ಮಂಗಳೂರಿನ ನಾಯಿಗೂ ಗೊತ್ತು. ಬೊಂಬಾಯಿಗೆ ಹೋಗಿ ನಿಮಗೆ ಮರೆತುಹೋಯಿತೋ, ಅಥವಾ ಮರೆತರೆ ಅನುಕೂಲವೆಂದು ಮರೆತಿರೋ? ಹುಡುಗಿ ಒಪ್ಪಿದ್ದಾಳೆ ಎಂದು ನೀವು ಹುಡುಗ ಚಿತ್ತರಂಜನರ ಸೋದರಮಾವ, ಅಲ್ಲೇ ಬೊಂಬಾಯಿಯಲ್ಲಿರುವ ಲೋಕನಾಥರಿಗೆ ಹೇಳಿದಿರಿ. ಅವರು ಊರಿನಲ್ಲಿರುವ ತಮ್ಮ ಅಕ್ಕನಿಗೆ ಹೇಳಿದರು. ಆ ಅಕ್ಕ ಬಹರೈನಿನಲ್ಲಿರುವ ಮಗನಿಗೆ ಬರೆದರು. ಅದೇ ದಾರಿಯಲ್ಲಿ ಹಿಂದೆ ಬಂದ ಮಾತೇನು? ಹುಡುಗನಿಗೆ ಹೆಂಡತಿ ಕೆಲಸಕ್ಕೆ ಹೋಗುವುದು ಇಷ್ಟವಿಲ್ಲ ಎಂದು. ಅದನ್ನು ಕೇಳಿ ನಾನು ಊಟ ಬಿಟ್ಟು ಮಲಗಿದೆ. ಅಮ್ಮ ತಲೆ ಸವರಿ, "ಎಂತ ಮಾಡುವುದು ಮಗ, ಎಲ್ಲಾ ಹುಡುಗರೂ ಹಾಗೆಯೇ" ಎಂದಳು. ನನಗೆ ಅಳು ಬಂದದ್ದು ಹುಡುಗನ ಮೇಲಿನ ಸಿಟ್ಟಿಗಲ್ಲ. ನಂತೂರಿನಲ್ಲಿ ಲಾರಿಗಳ ಹೊಗೆ ಕುಡಿಯುತ್ತ ನಿಂತು ಬಸ್ಸು ಹಿಡಿದು ನಾನು ಹೋಗುವ ಆ ಕೋಣೆ, ಕಂಪ್ಯೂಟರಿನ ಆ ಹಸಿರು ಅಕ್ಷರಗಳು, ನಾನು ಬರೆದ ಪ್ರೋಗ್ರಾಮ್, ಅದು ನಾಳೆಯಿಂದ ಇನ್ನೊಬ್ಬರದಾಗುತ್ತದಲ್ಲ ಎಂದು ಅಳು ಬಂತು. ಮಾವ, ನನಗೆ ಆ ಕೆಲಸವೆಂದರೆ ಪ್ರಾಣ. ಇದನ್ನು ಇದಕ್ಕಿಂತ ಸಣ್ಣದಾಗಿ ಹೇಳಲು ನನಗೆ ಬರುವುದಿಲ್ಲ.

ಹಾಗಿರುವಾಗ ಕಳೆದ ವಾರ ಮ್ಯಾನೇಜರು ಬಂದು, ದುಬೈಗೆಲ್ಲ ಸರಿಯಾಗಿ ಹೋಗುತ್ತಿದೆ, ಇನ್ನು ಬಹರೈನಿಗೂ ಶುರು ಮಾಡಬೇಕು, ಮೊದಲು ಒಂದು ಟ್ರಯಲ್ ಕಳಿಸಿ ನೋಡು ಎಂದರು. ಯಾರಿಗೆ ಎಂದು ಕೇಳಿದೆ. "ಯಾರಿಗಾದ್ರೂ ಕಳಿಸು, ಎಂತ ಬೇಕಾದ್ರೂ ಬರಿ. ಅಲ್ಲಿಂದ ಉತ್ತರ ಬರ್ಬೇಕು, ಅಷ್ಟೇ" ಎಂದರು. ನನಗೆ ಬಹರೈನಿನಲ್ಲಿ ಗೊತ್ತಿದ್ದದ್ದು ಒಂದೇ ನಂಬರು. ಹುಡುಗನ ಕಂಪನಿ ಎಷ್ಟು ದೊಡ್ಡದು ನೋಡು ಎಂದು ನೀವೇ ಅಮ್ಮನಿಗೆ ಕಳಿಸಿದ್ದಿರಲ್ಲ, ಆ ಬಂಗಾರದ ಅಂಚಿನ ಕಾರ್ಡು. ಅದರ ಮೇಲೆ ಟೆಲೆಕ್ಸ್ ನಂಬರು ಅಚ್ಚಾಗಿತ್ತು. ನಾನು ಮ್ಯಾನೇಜರಿಗೆ ವಿಷಯ ಮುಚ್ಚಿಡಲಿಲ್ಲ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ನಿನಗೆ ಧೈರ್ಯ ಉಂಟಾದ್ರೆ ಕಳಿಸು" ಎಂದರು.

ಏನು ಕಳಿಸಿದೆನೆಂದು ಲೋಕನಾಥರು ನಿಮಗೆ ಹೇಳಿರಲಾರರು, ಅವರಿಗೂ ಗೊತ್ತಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ತುಳು ಬರೆದೆ, ಅಲ್ಲಿಯ ಆಪರೇಟರಿಗೆ ಅರ್ಥವಾಗದಿರಲೆಂದು. ಬರೆದದ್ದು ಹೀಗೆ: ನಾನು ಕುಶಲಾ ಅವರ ಮಗಳು ಶಶಿಪ್ರಭಾ. ಕೆಲಸ ಬಿಡುತ್ತೇನೆಂದು ನಾನು ಹೇಳಿಲ್ಲ, ಬಿಡುವುದೂ ಇಲ್ಲ. ಬಿಡಬೇಕೆಂದು ನೀವು ಹೇಳಿದ್ದು ಹೌದೇ? ಹೌದೋ ಅಲ್ಲವೋ, ನೀವೇ ತಿಳಿಸಿ. ಇಷ್ಟೇ ಮಾವ. ಪ್ರೀತಿ ಪ್ರೇಮದ ಒಂದು ಶಬ್ದವಿಲ್ಲ. ಅದಿರು ತುಂಬಿದ ಹಡಗಿನ ಸಂದೇಶವೂ ಇದಕ್ಕಿಂತ ಸಿಹಿಯಾಗಿರುತ್ತದೆ. ಅತ್ತಲಿಂದ ಅವರ ಯಂತ್ರ ಹೆಸರು ಹೇಳಿತು, ನನ್ನ ಮಾತು ಹೋಯಿತು, ಮತ್ತೆ ಅದೇ ಹೆಸರು ಬಂತು. ಆಂಬ್ರೋಸ್ ಚಪ್ಪಾಳೆ ತಟ್ಟಿದರು.

ಮರುದಿನ ಉತ್ತರ ಬಂತು, ಅದೂ ತುಳುವಿನಲ್ಲಿ. "ಯಾನ್ ಅಂಚ ಪಣ್ತಿಜಿ." ನಾನು ಹಾಗೆ ಹೇಳಿಲ್ಲ ಎಂದು. ತಾಯಿ ಕೇಳಿದಾಗ ಅವರು ಬರೆದದ್ದು "ಅವಳ ಇಷ್ಟ" ಎಂದು ಮಾತ್ರವಂತೆ. ಹುಡುಗಿಯೇ ಬಿಡಲು ಮುಂದಾಗಿದ್ದಾಳೆ ಎಂದು ಕೇಳಿ ಅವರಿಗೆ ಆಶ್ಚರ್ಯವಾಗಿತ್ತಂತೆ. ಅವರ ಈಜಿಪ್ಟಿನ ಮ್ಯಾನೇಜರ್ ಇದು ಯಾವ ಗುಪ್ತ ಭಾಷೆ ಎಂದು ಕೇಳಿದ್ದಕ್ಕೆ, ಊರಿನ ಮೀನಿನ ರೇಟು ಎಂದು ಹೇಳಿ ಪಾರಾದರಂತೆ. ಕೊನೆಗೆ, ಹೀಗೆ ಹೇಳಿದ್ದು ಯಾಕೆಂದು ತಮ್ಮ ಮಾವನನ್ನು ಕೇಳುತ್ತೇನೆ ಎಂದು ಬರೆದಿದ್ದರು. ಕೇಳಿದರು. ಲೋಕನಾಥರು ನೇರ ನಿಮ್ಮ ಹೋಟೆಲಿಗೆ ಬಂದು ಕೂಗಾಡಿದರು. ನೀವು ಅಮ್ಮನ ಮೇಲೆ ಕೂಗಾಡಿದಿರಿ. ನಾಲ್ಕು ಜನರ ಬಾಯಿಂದ ಒಂದು ಸುಳ್ಳು ಬಂದಾಗ ಹೋಗದ ಮಾನ, ನನ್ನ ಕೈಯಿಂದ ಒಂದು ನಿಜ ಹೋದಾಗ ಹೋಯಿತೇ? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು ಎನ್ನುತ್ತಾರಲ್ಲ, ನಿಮ್ಮ ಹೆಸರು ಬಂದಾಗ ನನಗೆ ಆ ಮಾತೇ ನೆನಪಾಯಿತು. ನೀವು ಕೆಟ್ಟದ್ದು ಬಯಸಿದಿರಿ ಎನ್ನುವುದಿಲ್ಲ. ಒಳ್ಳೆಯ ಸಂಬಂಧ ಕೈತಪ್ಪಬಾರದೆಂದು ಎರಡು ಕಡೆಗೂ ಸಿಹಿ ಹಾಕಿದಿರಿ. ಆದರೆ ಆ ಸಿಹಿಯಲ್ಲಿ ಕರಗಿದ್ದು ನನ್ನ ಬದುಕು.

ಅಮ್ಮನನ್ನು ಇನ್ನು ಬೈಯಬೇಡಿ. ಅವಳು ಮೊದಲ ದಿನ, "ಹುಡುಗನಿಗೆ ನೇರ ಬರೆಯುವುದುಂಟಾ ಮಾರಾಯ್ತಿ" ಎಂದು ಎದೆ ಬಡಿದುಕೊಂಡಳು. ಮರುದಿನ ಅನ್ನ ಬಡಿಸುತ್ತ, "ಕೇಳುವುದು ಹೇಗೂ ಕೇಳಿದ್ದಿ, ಅವನಿಗೆ ಸಿಗರೇಟು ಉಂಟಾ ಅಂತ ಒಂದು ಕೇಳಬಹುದಿತ್ತು" ಎಂದಳು. ಅವಳೂ ಇಷ್ಟು ವರ್ಷ ಎಷ್ಟೋ ಪ್ರಶ್ನೆಗಳನ್ನು ನುಂಗಿಕೊಂಡೇ ಕುಳಿತಿದ್ದಾಳೆಂದು ನನಗೆ ಆಗ ಗೊತ್ತಾಯಿತು. ಬೈಯುವುದಿದ್ದರೆ ನನ್ನನ್ನು ಬೈಯಿರಿ. ನನ್ನ ಆಫೀಸಿಗೆ ಫೋನ್ ಉಂಟು, ಹಗಲಿನಲ್ಲಿ ನಾನು ಅಲ್ಲೇ ಇರುತ್ತೇನೆ. ಮುಂದಿನ ತಿಂಗಳೂ ಇರುತ್ತೇನೆ.

ಮೊಣಕಾಲಿಗೆ ಎಣ್ಣೆ ಹಚ್ಚಲು ಮರೆಯಬೇಡಿ. ಅತ್ತೆಗೆ ಉಪ್ಪಿನಕಾಯಿ ಕಳಿಸುತ್ತೇವೆ. ಬೈದರೂ ನೀವು ನನ್ನ ಮಾವನೇ, ಎದುರು ಮಾತಾಡಿದರೂ ನಾನು ನಿಮ್ಮ ಕೈಯಲ್ಲಿ ಬೆಳೆದವಳೇ. ಅದರಲ್ಲಿ ಯಾವ ಬದಲಾವಣೆಯೂ ಇಲ್ಲ.

ನಿಮ್ಮ ಆಶೀರ್ವಾದ ಬೇಡುವ, ಆದರೆ ಅಪ್ಪಣೆ ಕಾಯದ,
ಶಶಿಪ್ರಭಾ

ತಾ.ಕ.: ಈ ಕಾಗದವನ್ನು ನಿನ್ನೆ ಬರೆದಿಟ್ಟೆ. ಪೋಸ್ಟಿಗೆ ಹಾಕುವ ಮೊದಲು ಆಫೀಸಿನಲ್ಲಿ ಕುಳಿತು ಇದನ್ನು ಅವಸರದಲ್ಲಿ ಸೇರಿಸುತ್ತಿದ್ದೇನೆ. ಇಂದು ಬೆಳಿಗ್ಗೆ ಚಿತ್ತರಂಜನರಿಂದ ಇನ್ನೊಂದು ಟೆಲೆಕ್ಸ್ ಬಂತು. ಕೆಲಸ ಬಿಡುವ ಮಾತು ನಡುವಿನವರದ್ದಾದರೆ, ಈ ಮದುವೆಗೆ ನಾನು ಒಪ್ಪಿದ್ದೇನೆ ಎಂಬ ಮಾತು ಯಾರದ್ದು, ನನ್ನನ್ನು ಯಾರಾದರೂ ಕೇಳಿದ್ದಾರೆಯೇ ಎಂದು ಕೇಳಿದ್ದಾರೆ. ಒಂದೊಂದಾಗಿ ನೆನಪು ಮಾಡಿ ನೋಡಿದೆ ಮಾವ. ನೀವು ಸೀರೆಯ ಬಣ್ಣ ಕೇಳಿದ್ದಿರಿ. ಬಳೆಯ ಅಳತೆ ಕೇಳಿದ್ದಿರಿ. ಇದನ್ನು ಕೇಳಿರಲಿಲ್ಲ. ಯಾರೂ ಕೇಳಿಲ್ಲ ಎಂದು ಉತ್ತರ ಕಳಿಸಿದೆ. ತಮ್ಮನ್ನೂ ಯಾರೂ ಕೇಳಲಿಲ್ಲ ಎಂದು ಈಗಷ್ಟೇ ತಿಳಿಸಿದ್ದಾರೆ. ಆದ್ದರಿಂದ ಚೌತಿಯ ನಂತರದ ವೀಳ್ಯಕ್ಕೆಂದು ನೀವು ಗೊತ್ತುಮಾಡಿದ ಹಾಲನ್ನು, ಆ ಸಭಾಂಗಣವನ್ನು, ಬಿಟ್ಟುಬಿಡಿ. ಡಿಸೆಂಬರಿನ ರಜೆಯಲ್ಲಿ ಅವರು ನಮ್ಮ ಮನೆಗೆ ಬಂದು ನನ್ನನ್ನು ಕೇಳುತ್ತಾರೆ, ನಾನು ಅವರನ್ನು ಕೇಳುತ್ತೇನೆ. ನೀವೂ ಬನ್ನಿ, ಹಿರಿಯರಾಗಿ ಮೇಲಿನ ಜಾಗದಲ್ಲಿ ಕುಳಿತುಕೊಳ್ಳಿ. ಉತ್ತರ ಮಾತ್ರ ನಾನು ಹೇಳುತ್ತೇನೆ.